ಮಕ್ಕಳ ತಟ್ಟೆಯನ್ನು ನಮ್ಮೂರಿನ ಸೌಟಿನಿಂದಲೇ ಅಳೆಯಿರಿ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಉತ್ತರ ಕನ್ನಡ ಜಿಲ್ಲೆ, ಕಾರವಾರ
ಮಾನ್ಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳು, ಜಿಲ್ಲಾ ಪಂಚಾಯತ್, ಕಾರವಾರ
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಕಾರವಾರ
ಮಾನ್ಯ ಉಪನಿರ್ದೇಶಕರು, ಶಾಲಾ ಶಿಕ್ಷಣ ಇಲಾಖೆ, ಕಾರವಾರ ಮತ್ತು ಶಿರಸಿ ಶೈಕ್ಷಣಿಕ ಜಿಲ್ಲೆಗಳು

ವಿಷಯ: ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜು ವಿದ್ಯಾರ್ಥಿಗಳ ಆಹಾರ ಪದ್ಧತಿ ಹಾಗೂ ಹೃದಯದ ಆರೋಗ್ಯದ ಸಮೀಕ್ಷೆಯನ್ನು ಸರಿಯಾದ ಕ್ರಮದಲ್ಲಿ ನಡೆಸುವ ಕುರಿತು.

ಮಾನ್ಯರೇ,

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು ನಾನು. ಕಚೇರಿಗಳಿಗೆ ಅರ್ಜಿ ಬರೆಯುವ ಕ್ರಮ ಗೊತ್ತಿದೆ. ಕೊಟ್ಟು, ಸ್ವೀಕೃತಿ ಪಡೆದು, ಮನೆಗೆ ಬಂದು ಕಾಯುವುದೂ ಗೊತ್ತಿದೆ. ಈ ಸಲ ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕಾರಣವಿದೆ. ಇದು ಹಲವು ಕಚೇರಿಗಳಿಗೆ ಸೇರಿದ ಕೆಲಸ, ಮತ್ತು ಹಲವು ಕಚೇರಿಗಳಿಗೆ ಸೇರಿದ ಕೆಲಸ ಕೊನೆಗೆ ಯಾರ ಮೇಜಿನ ಮೇಲೂ ಇರುವುದಿಲ್ಲ ಎಂಬುದು ನೌಕರಿ ಮಾಡಿದವರಿಗೆಲ್ಲ ತಿಳಿದದ್ದೇ. ಪಾಲಕರೂ ಇದನ್ನು ಓದಲಿ ಎಂಬ ಆಸೆಯೂ ಇದೆ.

2025ರ ಮಳೆಗಾಲದ ಆರಂಭದಲ್ಲಿ ಹಾಸನ ಜಿಲ್ಲೆಯಿಂದ ಒಂದರ ಹಿಂದೊಂದು ಹೃದಯಾಘಾತದ ಸಾವಿನ ಸುದ್ದಿ ಬಂತು. ಸತ್ತವರಲ್ಲಿ ಎಳೆಯ ವಯಸ್ಸಿನವರಿದ್ದರು. ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಅಲ್ಲಿಂದೀಚೆಗೆ ಮಕ್ಕಳ ಹೃದಯದ ಬಗ್ಗೆ ಮಾತನಾಡದ ಪಾಲಕರ ಸಭೆಯಿಲ್ಲ. ನಮ್ಮ ಜಿಲ್ಲೆಯಲ್ಲಂತೂ ಈ ಭಯಕ್ಕೆ ಇನ್ನೊಂದು ಮುಖವಿದೆ. ಎದೆನೋವು ಎಂದರೆ ಕರಾವಳಿಯವರು ಮಣಿಪಾಲದ ಕಡೆಗೋ ಗೋವಾದ ಕಡೆಗೋ ಮುಖ ಮಾಡಬೇಕು, ಘಟ್ಟದ ಮೇಲಿನವರು ಹುಬ್ಬಳ್ಳಿಯ ಕಡೆಗೆ. ಸುಸಜ್ಜಿತ ಆಸ್ಪತ್ರೆ ಬೇಕೆಂದು ಜನ ಬೀದಿಗಿಳಿದು ಕೂಗಿದ್ದು ತಮಗೆ ಹೊಸದಲ್ಲ. 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲೂಕು ಆಸ್ಪತ್ರೆಯಲ್ಲೇ ಇಸಿಜಿ, ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದು ಸಿಗುವಂತಾದದ್ದು ಉಪಕಾರವೇ. ಆದರೆ ಅದು ಆಘಾತವಾದ ಮೇಲಿನ ಮಾತು. ದೊಡ್ಡ ಆಸ್ಪತ್ರೆ ದೂರವಿರುವ ಊರಿನವರು ಕಾಯಿಲೆಯನ್ನು ಇನ್ನಷ್ಟು ಮೊದಲೇ ಹಿಡಿಯಬೇಕಲ್ಲವೇ?

ಎಷ್ಟು ಮೊದಲು ಎಂಬುದಕ್ಕೆ ವಿಜ್ಞಾನದ ಉತ್ತರ ಹಳೆಯದು. ಕೊರಿಯಾ ಯುದ್ಧದಲ್ಲಿ ಸತ್ತ ಅಮೆರಿಕದ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಪ್ರಕಟವಾಯಿತು. ಅವರ ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯ ಹೃದಯದ ರಕ್ತನಾಳಗಳಲ್ಲಿ ಆಗಲೇ ಕೊಬ್ಬು ಕಟ್ಟಿದ ಗುರುತುಗಳಿದ್ದವು. ಮುಂದೆ ಅಮೆರಿಕದ ಲೂಸಿಯಾನಾ ರಾಜ್ಯದ ಬೊಗಲೂಸಾ ಎಂಬ ಸಣ್ಣ ಊರಿನಲ್ಲಿ ಡಾ. ಜೆರಾಲ್ಡ್ ಬೆರೆನ್‌ಸನ್ ಮತ್ತು ಅವರ ತಂಡ 1970ರ ದಶಕದ ಆರಂಭದಿಂದ ಶಾಲಾ ಮಕ್ಕಳ ರಕ್ತದೊತ್ತಡ, ಕೊಲೆಸ್ಟರಾಲ್, ತೂಕ ಎಲ್ಲವನ್ನೂ ಅಳೆಯುತ್ತ ಹೋಯಿತು. ಅವರಲ್ಲಿ ಕೆಲವರು ಅಪಘಾತ ಮೊದಲಾದ ಕಾರಣಗಳಿಂದ ಎಳೆಯ ವಯಸ್ಸಿನಲ್ಲೇ ತೀರಿಕೊಂಡಾಗ ಶವಪರೀಕ್ಷೆಯಲ್ಲಿ ಕಂಡದ್ದೂ ಅದೇ: ಬದುಕಿದ್ದಾಗ ಅಪಾಯದ ಅಂಶಗಳು ಹೆಚ್ಚಿದ್ದಷ್ಟೂ ರಕ್ತನಾಳ ಹೆಚ್ಚು ಕೆಟ್ಟಿತ್ತು. ನಲವತ್ತೈದರಲ್ಲಿ ಎದೆ ಹಿಡಿದು ಕೂರುವವನ ಕಾಯಿಲೆ ಹದಿನೈದರಲ್ಲೇ ಖಾತೆ ತೆರೆದಿರುತ್ತದೆ. ಆದ್ದರಿಂದ ಹದಿಹರೆಯದವರ ಊಟವನ್ನು ಅಳೆಯುವುದಕ್ಕೆ ನನ್ನ ವಿರೋಧ ಇಲ್ಲ. ಅಳೆಯಿರಿ ಎಂದೇ ಕೇಳಲು ಬರೆಯುತ್ತಿದ್ದೇನೆ. ನನ್ನ ದೂರು ಅಳೆಯುವ ರೀತಿಯ ಮೇಲೆ.

ಕರಾವಳಿಯ ಒಂದು ಪ್ರೌಢಶಾಲೆಗೆ ಹೊರಗಿನ ಸಂಸ್ಥೆಯೊಂದರ ತಂಡ ಇಂಥದೇ ಸಮೀಕ್ಷೆಗೆ ಬಂದಿತ್ತು. ಶಾಲೆಯ ಹೆಸರನ್ನಾಗಲಿ ಸಂಸ್ಥೆಯ ಹೆಸರನ್ನಾಗಲಿ ಹೇಳುವುದಿಲ್ಲ. ಬಂದವರು ಸಭ್ಯರು, ತಮಗೆ ಕೊಟ್ಟ ನಮೂನೆಯನ್ನು ತುಂಬಿಸಿಕೊಂಡು ಹೋಗುವ ಅವಸರದಲ್ಲಿದ್ದವರು. ಮಕ್ಕಳಿಗೆ ಸಹಾಯ ಮಾಡಲು ಕರೆದಿದ್ದರೆಂದು ನಾನೂ ಹೋಗಿದ್ದೆ. ಬಿಸಿಯೂಟದ ಗಂಟೆಗೆ ಮುಂಚಿನ ಒಂದೇ ಅವಧಿ ಸಿಕ್ಕಿತ್ತು. ಎಲ್ಲರ ಕೈಗೂ ನಮೂನೆ ಕೊಟ್ಟು, ಒಬ್ಬರು ಮುಂದೆ ನಿಂತು ಪ್ರಶ್ನೆಗಳನ್ನು ಗಟ್ಟಿಯಾಗಿ ಓದಿದರು. ತರಗತಿಯ ಶಿಕ್ಷಕರು ಬಾಗಿಲಲ್ಲಿ ನಿಂತಿದ್ದರು. ಗೋಬಿ ಮಂಚೂರಿ, ವಡಾಪಾವ್ ಮುಂತಾದವನ್ನು ವಾರಕ್ಕೆ ಎಷ್ಟು ಸಲ ತಿನ್ನುತ್ತೀರಿ ಎಂದು ಕೇಳಿದಾಗ ಹಿಂದಿನ ಬೆಂಚಿನಲ್ಲಿ ನಗು. ಒಬ್ಬ ಹುಡುಗ ಮೊದಲು ಶಿಕ್ಷಕರ ಮುಖ ನೋಡಿದ, ಆಮೇಲೆ ಪಕ್ಕದವನ ಹಾಳೆ ನೋಡಿದ, ‘ಎಂದೂ ಇಲ್ಲ’ ಎಂಬಲ್ಲಿ ಗುರುತು ಹಾಕಿದ. ಅವನು ಸಂಜೆ ಬಸ್ ನಿಲ್ದಾಣದ ಗಾಡಿಯ ಮುಂದೆ ಕಾಗದದ ತಟ್ಟೆ ಹಿಡಿದು ನಿಲ್ಲುವುದನ್ನು ನಾನು ನೋಡಿದ್ದೇನೆ. ಅವನಿಗೂ ನಾನು ನೋಡಿದ್ದು ಗೊತ್ತು.

ಮೀನಿನ ಪ್ರಶ್ನೆ ಬಂತು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಪೆನ್ನು ಎತ್ತಿ ಹಿಡಿದು ಕೇಳಿದಳು: “ಅಕ್ಕೋರೇ, ಒಣ ಮೀನನ್ನೂ ಸೇರಿಸಬೇಕೇ?” ನಾನು ತಂಡದವರ ಕಡೆ ನೋಡಿದೆ. ಮೀನು ಮೀನೇ, ಗುರುತು ಹಾಕಲಿ ಎಂದರು. ಹಾಕಿದಳು.

ಮಾನ್ಯರೇ, ಈ ಇಡೀ ಸಮೀಕ್ಷೆಯ ದೋಷ ಆ ಒಂದು ಗುರುತಿನಲ್ಲಿದೆ. ತಾಜಾ ಬಂಗಡೆ, ತಾರ್ಲೆಗಳನ್ನು ಹೃದಯಕ್ಕೆ ಒಳ್ಳೆಯದೆನ್ನುವುದು ಅವುಗಳಲ್ಲಿರುವ ಒಮೆಗಾ-3 ಕೊಬ್ಬಿನ ಕಾರಣಕ್ಕೆ. ಅದೇ ಬಂಗಡೆಯನ್ನು ಸೀಳಿ, ಉಪ್ಪು ತುಂಬಿ, ಮರಳ ಮೇಲೆ ಒಣಗಿಸಿ, ಮಳೆಗಾಲದಲ್ಲಿ ಕೆಂಡದ ಮೇಲೆ ಸುಟ್ಟು ಗಂಜಿಯ ಜೊತೆ ತಿಂದಾಗ ಮಗುವಿನ ಹೊಟ್ಟೆಗೆ ಹೋಗುವ ಉಪ್ಪೆಷ್ಟು? ನಮೂನೆಯ ಲೆಕ್ಕದಲ್ಲಿ ಎರಡಕ್ಕೂ ಒಂದೇ ಅಂಕ, ಅದೂ ಒಳ್ಳೆಯ ಅಂಕ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಕಡಲು ನಿಷಿದ್ಧ. ಆ 61 ದಿನ ನಮ್ಮ ಮೀನುಗಾರರ ಕೇರಿಗಳ ತಟ್ಟೆಯೇ ಬೇರೆ, ನವೆಂಬರಿನ ತಟ್ಟೆಯೇ ಬೇರೆ. ಯಾವ ತಿಂಗಳಲ್ಲಿ ಕೇಳಿದಿರಿ ಎಂಬುದನ್ನು ಬರೆದುಕೊಳ್ಳದ ಸಮೀಕ್ಷೆ ಕರಾವಳಿಯ ಬಗ್ಗೆ ಏನನ್ನು ತಾನೇ ಹೇಳೀತು?

ಇಂಥ ಅಂಕಗಳ ಪದ್ಧತಿ ಎಲ್ಲಿಯದೆಂದು ವಿಜ್ಞಾನ ಓದಿದವರಿಗೆ ಗುರುತು ಸಿಗುತ್ತದೆ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2010ರಲ್ಲಿ ಹೃದಯದ ಆರೋಗ್ಯಕ್ಕೆ ಏಳು ಮಾನದಂಡಗಳನ್ನು ಗೊತ್ತುಮಾಡಿತು, 2022ರಲ್ಲಿ ನಿದ್ರೆಯನ್ನೂ ಸೇರಿಸಿ ಎಂಟು ಮಾಡಿತು. ಮೊದಲಿನ ಪಟ್ಟಿಯಲ್ಲಿ ಆಹಾರವನ್ನು ಐದು ಅಂಶಗಳಿಂದ ಅಳೆಯುತ್ತಿದ್ದರು: ದಿನಕ್ಕೆ ನಾಲ್ಕೂವರೆ ಕಪ್ ಹಣ್ಣು-ತರಕಾರಿ, ವಾರಕ್ಕೆ ಎರಡು ಸಲ ಮೀನು, ದಿನಕ್ಕೆ ಮೂರು ಪಾಲು ನಾರಿನಂಶವಿರುವ ಇಡಿ ಧಾನ್ಯ, ದಿನಕ್ಕೆ 1,500 ಮಿಲಿಗ್ರಾಂ ಮೀರದ ಸೋಡಿಯಂ (ಉಪ್ಪಿನಲ್ಲಿರುವ ಅಂಶ), ವಾರಕ್ಕೆ 450 ಕ್ಯಾಲೊರಿ ಮೀರದ ಸಕ್ಕರೆ ಪಾನೀಯ. ಐದರಲ್ಲಿ ನಾಲ್ಕನ್ನಾದರೂ ಮುಟ್ಟಿದ ಹದಿಹರೆಯದವರು ಅವರ ದೇಶದಲ್ಲೇ ನೂರಕ್ಕೆ ಒಬ್ಬರೂ ಇರಲಿಲ್ಲ. ಅಳತೆಗೋಲನ್ನು ಅವರು ತಮ್ಮ ಊಟಕ್ಕೆ ಮಾಡಿಕೊಂಡರು, ಅದರಲ್ಲಿ ತಪ್ಪಿಲ್ಲ. ನಾವು ಅದನ್ನು ಹಾಗೆಯೇ ತಂದು ಕುಮಟೆಯ, ಶಿರಸಿಯ ಮಕ್ಕಳ ಮುಂದೆ ಹಿಡಿದರೆ ಏನಾಗುತ್ತದೆ ನೋಡಿ. ಶಿರಸಿ-ಸಿದ್ದಾಪುರದ ಕಡೆ ಮೀನು ಮುಟ್ಟದ ಮನೆಯ ಮಗುವಿಗೆ ಶುರುವಿನಲ್ಲೇ ಒಂದು ಅಂಕ ಖೋತಾ. ಅದರ ಮನೆಯ ಒಂದೆಲಗದ ತಂಬುಳಿ, ಹೀರೆಸಿಪ್ಪೆಯ ಚಟ್ನಿ, ಕೆಸುವಿನ ಸೊಪ್ಪಿನ ಪತ್ರೊಡೆಗಳಿಗೆ ನಮೂನೆಯಲ್ಲಿ ಜಾಗವಿಲ್ಲ, ಕೇಳಿರುವುದು ಸಲಾಡ್. ಓಟ್ಸ್ ಉಂಟು, ಕಂದು ಬ್ರೆಡ್ ಉಂಟು, ಕೆಂಪು ಕುಚ್ಚಲಕ್ಕಿಯ ಗಂಜಿ ಇಲ್ಲ.

ಉಪ್ಪಿನ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾಣಿಕಟ್ಟಾದ ಉಪ್ಪಿನ ಆಗರಗಳಿರುವ, 1930ರಲ್ಲಿ ಉಪ್ಪಿನ ಸತ್ಯಾಗ್ರಹ ಮಾಡಿದ ಸೀಮೆಯವಳು ಉಪ್ಪನ್ನು ದೂರುವುದು ವಿಚಿತ್ರವೆನಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂ ಉಪ್ಪು, ಮಕ್ಕಳಿಗೆ ಅದಕ್ಕಿಂತ ಕಡಿಮೆ. ನಮ್ಮ ದೇಶದ ವಯಸ್ಕರು ಸುಮಾರು 8 ಗ್ರಾಂ ತಿನ್ನುತ್ತಾರೆಂದು 2017-18ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಅಮೆರಿಕದಲ್ಲಿ ಉಪ್ಪಿನ ಬಹುಭಾಗ ಪೊಟ್ಟಣದ ಮತ್ತು ಹೋಟೆಲಿನ ಆಹಾರದಿಂದ ಬರುತ್ತದೆ, ಹಾಗಾಗಿ ಅಲ್ಲಿ ಪೊಟ್ಟಣವನ್ನು ಕೇಳಿದರೆ ಉಪ್ಪು ಸಿಗುತ್ತದೆ. ನಮ್ಮಲ್ಲಿ ಉಪ್ಪು ಹಾಕುವುದು ಅಮ್ಮನ ಕೈ. ಗಂಜಿಗೆ ಒಂದು ಚಿಟಿಕೆ, ಸಾರಿಗೆ ಇನ್ನೊಂದಿಷ್ಟು, ಬದಿಗೆ ಮಾವಿನ ಮಿಡಿಯ ಉಪ್ಪಿನಕಾಯಿ, ಹಪ್ಪಳ, ಬಾಳಕ. ಅದನ್ನು ಮಗುವನ್ನು ಕೇಳಿ ತಿಳಿಯಲಾಗದು. ಅದಕ್ಕಿರುವ ಖಚಿತ ದಾರಿ ಇಡೀ ದಿನದ ಮೂತ್ರವನ್ನು ಸಂಗ್ರಹಿಸಿ ಸೋಡಿಯಂ ಅಳೆಯುವುದು; ತಿಂದ ಸೋಡಿಯಂನಲ್ಲಿ ಸುಮಾರು ಶೇ. 90ರಷ್ಟು ಅಲ್ಲಿ ಸಿಗುತ್ತದೆ. ಎಲ್ಲ ಮಕ್ಕಳಿಗೂ ಮಾಡಲು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಪಾಲಕರ ಒಪ್ಪಿಗೆ ಪಡೆದು ಆಯ್ದ ಕೆಲವು ಮಕ್ಕಳಲ್ಲಿ ಮಾಡಿದರೆ ಜಿಲ್ಲೆಗೆ ಒಂದು ಆಧಾರ ಸಿಕ್ಕೀತು. ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಇರುವುದು ಇಂಥದಕ್ಕೂ ತಾನೇ?

ಸಕ್ಕರೆಯದೂ ಇದೇ ಕಥೆ. ತಂಪು ಪಾನೀಯ ಕುಡಿಯುತ್ತೀರಾ ಎಂಬ ಪ್ರಶ್ನೆಗೆ ಹೆಚ್ಚಿನವರು ‘ಇಲ್ಲ’ ಎಂದರು, ಅದು ನಿಜವೂ ಇರಬೇಕು. ಬೆಳಿಗ್ಗೆ, ಸಂಜೆ, ರಾತ್ರಿ ಓದುವಾಗ ಕುಡಿಯುವ ಸಿಹಿ ಚಹಾವನ್ನು ಯಾರೂ ಕೇಳಲಿಲ್ಲ.

ತೆಂಗಿನೆಣ್ಣೆಯ ವಿಷಯ ಎತ್ತಿದರೆ ಅರ್ಧ ಜಿಲ್ಲೆ ನನ್ನ ಮೇಲೆ ಸಿಟ್ಟಾಗುತ್ತದೆ. ರಕ್ತದ ಕೊಲೆಸ್ಟರಾಲ್ ಏರಿಸುವ ಪರ್ಯಾಪ್ತ (ಸ್ಯಾಚುರೇಟೆಡ್) ಕೊಬ್ಬು ಅದರಲ್ಲಿ ಶೇ. 80ಕ್ಕೂ ಹೆಚ್ಚು ಎಂಬುದು ರಸಾಯನಶಾಸ್ತ್ರ. ತಲೆತಲಾಂತರದಿಂದ ತಿಂದಿಲ್ಲವೇ ಎಂಬುದು ನೆರೆಮನೆಯವರ ವಾದ. ಜಗಳ ಬೇಡ. ಯಾವ ಮನೆಯಲ್ಲಿ ಯಾವ ಎಣ್ಣೆ, ತಿಂಗಳಿಗೆ ಎಷ್ಟು, ಎಷ್ಟು ಜನಕ್ಕೆ ಎಂದು ಬರೆದುಕೊಂಡು, ಮಕ್ಕಳ ರಕ್ತದ ಕೊಬ್ಬಿನ ಜೊತೆ ಇಟ್ಟು ನೋಡಿದರೆ ವಾದಕ್ಕೆ ಒಂದು ನೆಲೆಯಾದರೂ ಸಿಗುತ್ತದೆ. ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಗಾಡಿಗಳ ಮಾತು ಬೇರೆ, ಅದರಲ್ಲಿ ವಾದಕ್ಕೇ ಜಾಗವಿಲ್ಲ.

ಇನ್ನು ಆಹಾರವನ್ನು ಕೇಳುವ ಕ್ರಮ. ಹಿಂದಿನ 24 ಗಂಟೆಗಳಲ್ಲಿ ತಿಂದದ್ದನ್ನು ನೆನಪಿಸಿ ಬರೆದುಕೊಳ್ಳುವ ಪದ್ಧತಿ ಪೌಷ್ಟಿಕತೆಯ ಶಾಸ್ತ್ರದಲ್ಲಿ ಎಲ್ಲರೂ ಬಲ್ಲದ್ದು. ಬೊಗಲೂಸಾದಲ್ಲಿ ಹತ್ತು ವರ್ಷದ ಮಕ್ಕಳಿಂದಲೇ ಎರಡು ದಶಕಗಳ ಕಾಲ ಹೀಗೆ ಬರೆಸಿಕೊಂಡಿದ್ದಾರೆ. ತರಬೇತಿಯಾದವರು ಒಬ್ಬೊಬ್ಬ ಮಗುವಿನೊಂದಿಗೆ ಪ್ರತ್ಯೇಕವಾಗಿ ಕುಳಿತು ಹಂತಹಂತವಾಗಿ ಕೇಳಬೇಕು. ಮೊದಲ ಸುತ್ತಿನಲ್ಲಿ ಮಗು ನೆನಪಾದಷ್ಟನ್ನು ಹೇಳಲಿ. ಎರಡನೆಯ ಸುತ್ತು ಮರೆತದ್ದಕ್ಕೆ: ಬಸ್ ಕಾಯುವಾಗ ಏನಾದರೂ ತಿಂದೆಯಾ, ಅಜ್ಜಿ ಏನಾದರೂ ಕೊಟ್ಟರಾ, ಚಹಾದ ಜೊತೆ ಟೋಸ್ಟ್ ಇತ್ತೇ. ಆಮೇಲೆ ಹೊತ್ತು, ಜಾಗ, ಪ್ರಮಾಣ. ಒಂದೇ ದಿನ ಕೇಳಿದರೆ ಸಾಲದು. ಒಂದಕ್ಕೊಂದು ತಾಗದ ಎರಡು ದಿನಗಳಾದರೂ ಬೇಕು, ಅದರಲ್ಲಿ ಒಂದು ರಜೆಯ ದಿನವಾಗಿರಬೇಕು. ಭಾನುವಾರದ ಕೋಳಿ ಸಾರು ಮಂಗಳವಾರದ ತಟ್ಟೆಯಲ್ಲಿ ಕಾಣುವುದಿಲ್ಲ. ಪ್ರಮಾಣ ತಿಳಿಯಲು ‘ಕಪ್’ ಎಂದರೆ ನಮ್ಮ ಮಕ್ಕಳು ಚಹಾದ ಕಪ್ ಎಂದುಕೊಳ್ಳುತ್ತಾರೆ. ಬಿಸಿಯೂಟದ ಅಡುಗೆಮನೆಯಿಂದ ಸೌಟು, ಬಟ್ಟಲು, ಲೋಟಗಳನ್ನು ತಂದು, ಪ್ರತಿಯೊಂದರಲ್ಲಿ ಎಷ್ಟು ಗ್ರಾಂ ಅನ್ನ, ಎಷ್ಟು ಮಿಲಿಲೀಟರ್ ಸಾರು ಹಿಡಿಯುತ್ತದೆಂದು ಮೊದಲೇ ತೂಗಿಟ್ಟುಕೊಂಡರೆ ಆಯಿತು. ಇದಕ್ಕೆ ಟೆಂಡರ್ ಕರೆಯಬೇಕಿಲ್ಲ.

ದೇಹದ ಅಳತೆಯ ಬಗ್ಗೆಯೂ ಒಂದು ಮಾತು. ಅಂದು ರಕ್ತದೊತ್ತಡವನ್ನೂ ನೋಡಿದರು. ಆಟದ ಮೈದಾನದಿಂದ ಓಡಿಬಂದ ಹುಡುಗರನ್ನು ಸಾಲಾಗಿ ನಿಲ್ಲಿಸಿ, ದೊಡ್ಡವರ ತೋಳಿನ ಪಟ್ಟಿಯನ್ನೇ ಕಡ್ಡಿಯಂಥ ತೋಳುಗಳಿಗೂ ಸುತ್ತಿದರು. ಪಟ್ಟಿ ಅತಿ ದೊಡ್ಡದಾದರೆ ಒತ್ತಡ ಕಡಿಮೆ ತೋರಿಸುತ್ತದೆ, ಓಡಿಬಂದ ಮಗುವಿನಲ್ಲಿ ಹೆಚ್ಚು ತೋರಿಸುತ್ತದೆ. ಎರಡು ತಪ್ಪು ಸೇರಿ ಒಂದು ಸರಿಯಾಗುವುದು ಋಣ ಸಂಖ್ಯೆಗಳ ಗುಣಾಕಾರದಲ್ಲಿ ಮಾತ್ರ. ಐದು ನಿಮಿಷ ಸುಮ್ಮನೆ ಕೂರಿಸಿ, ತೋಳಿಗೆ ಹೊಂದುವ ಪಟ್ಟಿ ಕಟ್ಟಿ, ಒಂದಕ್ಕಿಂತ ಹೆಚ್ಚು ಸಲ ನೋಡಬೇಕು. ತೆಳ್ಳಗಿರುವ ಮಗುವಿಗೆ ತೊಂದರೆ ಇಲ್ಲ ಎಂದು ಬಿಟ್ಟುಬಿಡುವುದೂ ಸಲ್ಲದು. ಭಾರತದ ಶಿಶುಗಳು ತೂಕದಲ್ಲಿ ಕಡಿಮೆಯಿದ್ದರೂ ದೇಹದ ಕೊಬ್ಬಿನ ಪಾಲಿನಲ್ಲಿ ಹಿಂದಿಲ್ಲ ಎಂದು ಪುಣೆಯ ಡಾ. ಸಿ. ಎಸ್. ಯಾಜ್ಞಿಕ್ ಅವರ ಅಧ್ಯಯನ ತೋರಿಸಿ ವರ್ಷಗಳಾದವು.

ಇದನ್ನೆಲ್ಲ ಹೊಸದಾಗಿ ಹುಟ್ಟಿಸಬೇಕಿಲ್ಲ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಬರುತ್ತವೆ. ಹುಟ್ಟಿನಿಂದ ಬಂದ ಹೃದಯದ ದೋಷ, ಸಂಧಿವಾತ ಜ್ವರದಿಂದಾಗುವ ಹೃದ್ರೋಗ ಅವರ ಪಟ್ಟಿಯಲ್ಲಿವೆ. ಆದರೆ ಅದು ಇರುವ ಕಾಯಿಲೆಯನ್ನು ಹುಡುಕುವ ಕೆಲಸ. ಮುಂದೆ ಬರಬಹುದಾದದ್ದರ ಬೇರು ತಟ್ಟೆಯಲ್ಲಿದೆ, ತಟ್ಟೆಯನ್ನು ಯಾರೂ ನೋಡುತ್ತಿಲ್ಲ. 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತಾ ಸಮೀಕ್ಷೆ 19 ವರ್ಷದವರೆಗಿನವರ ರಕ್ತವನ್ನೂ ಪರೀಕ್ಷಿಸಿತು, ಒಳ್ಳೆಯ ಕೆಲಸ. ಅದು ರಾಜ್ಯಗಳ ಚಿತ್ರ ಕೊಡುತ್ತದೆ. ಜೋಯಿಡಾದ ಮಗುವಿಗೂ ಭಟ್ಕಳದ ಮಗುವಿಗೂ ಇರುವ ವ್ಯತ್ಯಾಸ ಅದರಲ್ಲಿ ಕಾಣದು.

ಆದ್ದರಿಂದ ತಮ್ಮಲ್ಲಿ ನನ್ನ ಬೇಡಿಕೆ. ಜಿಲ್ಲೆಯ ಶಾಲೆಗಳಲ್ಲಿ ಆಹಾರದ ಸಮೀಕ್ಷೆ ನಡೆಸಲು ಯಾರೇ ಬರಲಿ, ಅವರ ನಮೂನೆಯನ್ನು ಜಿಲ್ಲಾ ಮಟ್ಟದ ಒಂದು ಸಣ್ಣ ಸಮಿತಿ ಮೊದಲು ನೋಡಬೇಕು. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದವರು, ಒಬ್ಬ ಪೌಷ್ಟಿಕತಜ್ಞರು, ಬಿಸಿಯೂಟದ ಅಡುಗೆಯವರಲ್ಲಿ ಒಬ್ಬರು, ಮೀನುಗಾರ ಮತ್ತು ಕೃಷಿಕ ಕುಟುಂಬಗಳ ತಾಯಂದಿರು ಅದರಲ್ಲಿರಲಿ. ನಮ್ಮ ಊಟದ ಪಟ್ಟಿಯನ್ನು ಮಾಡಬೇಕಾದವರು ಅವರೇ. ತಾಜಾ ಮೀನಿಗೂ ಒಣ ಮೀನಿಗೂ ಬೇರೆ ಬೇರೆ ಸಾಲು ಇರಲಿ. ಮಗುವಿನ ಉತ್ತರವನ್ನು ತರಗತಿಯ ಮುಂದೆ ಕೇಳುವುದನ್ನು ನಿಲ್ಲಿಸಿ. ಹೆಸರಿನ ಬದಲು ಸಂಖ್ಯೆ ಸಾಕು, ಶಿಕ್ಷಕರು ಹೊರಗಿರಲಿ. ಮತ್ತು ದಯವಿಟ್ಟು ದಪ್ಪಗಿರುವ ಮಕ್ಕಳ ತೂಕವನ್ನು ಗಟ್ಟಿಯಾಗಿ ಓದಿಸಬೇಡಿ. ಅಂದು ಓದಿದರು. ಆ ಹುಡುಗಿ ಅಂದು ಬಿಸಿಯೂಟಕ್ಕೆ ಕೂರಲಿಲ್ಲ.

ಪದವಿಪೂರ್ವ ಕಾಲೇಜಿನ ಮಕ್ಕಳನ್ನು ಬಿಡಬೇಡಿ. ಹತ್ತನೆಯ ತರಗತಿಯವರೆಗೆ ಬಿಸಿಯೂಟ, ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು ಇದೆ. ಆಮೇಲೆ ಒಮ್ಮೆಲೇ ಎಲ್ಲ ನಿಂತುಹೋಗುತ್ತದೆ. ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಡುವ ಮಗು ಚಹಾ ಕುಡಿದು ಹೊರಟದ್ದು, ಮಧ್ಯಾಹ್ನ ಡಬ್ಬಿ ಇದ್ದರೆ ಇತ್ತು, ಇಲ್ಲದಿದ್ದರೆ ಒಂದು ಪೊಟ್ಟಣ ಚಿಪ್ಸ್. ಮನೆಯ ಊಟ ಸಿಗುವುದು ರಾತ್ರಿಗೆ. ಹದಿನಾರು-ಹದಿನೆಂಟರ ಈ ಮಕ್ಕಳೇ ನಾಳೆ ನಮ್ಮ ಹೃದ್ರೋಗದ ಲೆಕ್ಕಕ್ಕೆ ಬರುವವರು. ಸಮೀಕ್ಷೆಗೆ ಅವರು ಸಿಗುವುದೇ ಇಲ್ಲ, ಏಕೆಂದರೆ ಮಾಡುವವರಿಗೆ ಪ್ರೌಢಶಾಲೆಯೇ ಸುಲಭ.

ಫಲಿತಾಂಶ ಶಾಲೆಗೆ ಮರಳಿ ಬರಬೇಕು, ಅದರ ಮೇಲೆ ಏನಾದರೂ ನಡೆಯಬೇಕು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಉಪ್ಪು, ಸಕ್ಕರೆ ಅತಿಯಾಗಿರುವ ತಿನಿಸುಗಳನ್ನು ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲೇ ನಿಯಮ ಮಾಡಿದೆ. ಬರೀ ಗಾಡಿಯವನನ್ನು ಓಡಿಸುವುದು ನನಗೂ ಬೇಡ, ಅವನ ಮಗುವೂ ಅದೇ ಶಾಲೆಯಲ್ಲಿ ಓದುತ್ತಿರಬಹುದು. ಆ ಜಾಗದಲ್ಲಿ ಬೇಯಿಸಿದ ಕಡಲೆ, ಶೇಂಗಾ, ಬಾಳೆಹಣ್ಣು, ಹಬೆಯಲ್ಲಿ ಬೆಂದ ಕಡುಬು ಮಾರಲು ಸ್ತ್ರೀಶಕ್ತಿ ಗುಂಪುಗಳಿಗೂ ಅವನಿಗೂ ಅವಕಾಶ ಕೊಡಿ.

ಹೊಸ ಶೈಕ್ಷಣಿಕ ವರ್ಷ ಶುರುವಾಗುವಾಗಲೇ ಮೀನುಗಾರಿಕೆಯ ನಿಷೇಧವೂ ಶುರುವಾಗುತ್ತದೆ. ಮೊದಲ ಸುತ್ತಿನ ಸಮೀಕ್ಷೆ ಜುಲೈ ಒಳಗೆ ಮುಗಿದರೆ, ಎರಡನೆಯದನ್ನು ನವೆಂಬರಿನಲ್ಲಿ ಮಾಡಿ ಹೋಲಿಸಬಹುದು. ಒಬ್ಬೊಬ್ಬ ಮಗುವಿನ ಜೊತೆ ಅರ್ಧ ಗಂಟೆ ಕೂರಲು ಜನ ಎಲ್ಲಿದ್ದಾರೆ ಎಂದು ಕೇಳುತ್ತೀರಿ, ಗೊತ್ತು. ನನ್ನಂತೆ ನಿವೃತ್ತರಾದ ಶಿಕ್ಷಕರು ಈ ಜಿಲ್ಲೆಯ ಪ್ರತಿ ತಾಲೂಕಿನಲ್ಲೂ ಇದ್ದಾರೆ. ತರಬೇತಿ ಕೊಟ್ಟು, ಅನುಮತಿ ಪತ್ರ ಕೊಟ್ಟರೆ ಸಂಬಳವಿಲ್ಲದೆ ಬರುತ್ತೇವೆ. ಬಸ್ ಚಾರ್ಜು ಕೊಟ್ಟರೆ ಬೇಡವೆನ್ನುವುದಿಲ್ಲ. ತಮ್ಮಲ್ಲಿ ಯಾವ ಕಚೇರಿ ಇದರ ಹೊಣೆ ಹೊರುತ್ತದೆ ಎಂಬುದನ್ನು ಮೇ ತಿಂಗಳ ಕೊನೆಯೊಳಗೆ ಬರಹದಲ್ಲಿ ತಿಳಿಸಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ
ಅಂಕೋಲಾ ತಾಲೂಕು, ಉತ್ತರ ಕನ್ನಡ